ಕಪ್ಪು ಹೊಗೆ ಕಾಣದಿದ್ದರೆ ಸಾಕೇ? ಡೀಸೆಲ್ ಹೊಗೆಯನ್ನು ಅಂದಾಜು ಮಾಡಿ ತಗ್ಗಿಸುವ ಬಗೆ

"ನಮ್ಮ ಗಾಡಿ ಕಪ್ಪು ಹೊಗೆ ಬಿಡುವುದೇ ಇಲ್ಲ. ಹಾಗಾದರೆ ಅಪಾಯವಿಲ್ಲ ತಾನೇ?" ಡೀಸೆಲ್ ಹೊಗೆಯ ಮಾತು ಬಂದಾಗಲೆಲ್ಲ ಓದುಗರು ಕೇಳುವ ಮೊದಲ ಪ್ರಶ್ನೆ ಇದು. "ಕರವಸ್ತ್ರ ಕಟ್ಟಿಕೊಂಡರೆ ಸಾಲದೇ?" ಎಂಬುದು ಎರಡನೆಯದು. "ಇದರಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ನಿಜವೇ?" ಎಂಬುದು ಮೂರನೆಯದು. ಚುಟುಕು ಉತ್ತರ ಬೇಕೆಂದರೆ: ಅಪಾಯ ಇದೆ, ಕರವಸ್ತ್ರ ಸಾಲದು, ಕ್ಯಾನ್ಸರಿನ ಮಾತು ನಿಜ. ಆದರೆ ಚುಟುಕು ಉತ್ತರದಿಂದ ಯಾರ ಎದೆಯೂ ಹಗುರಾಗುವುದಿಲ್ಲ. ಗ್ಯಾರೇಜಿನಲ್ಲಿ ದುಡಿಯುವವರು, ದಿನವಿಡೀ ಸ್ಟಿಯರಿಂಗ್ ಹಿಡಿಯುವವರು, ಗೋದಾಮಿನಲ್ಲಿ ಸರಕು ಇಳಿಸುವವರು, ಜನರೇಟರ್ ಪಕ್ಕದ ಮನೆಯಲ್ಲಿ ವಾಸಿಸುವವರು, ಹೀಗೆ ಯಾರೇ ಆಗಲಿ, ತಾವು ಎಷ್ಟು ಹೊಗೆ ಕುಡಿಯುತ್ತಿದ್ದೇವೆ ಎಂದು ತಾವೇ ಲೆಕ್ಕ ಹಾಕಿ ಅದನ್ನು ಇಳಿಸಿಕೊಳ್ಳಲು ಈ ಹಂತಗಳು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಒಂದು ತುಂಡು ಬಿಳಿ ಬಟ್ಟೆ, ಒಂದು ವಾರದ ತಾಳ್ಮೆ. ನಿಮ್ಮ ಕೆಲಸ ಅಥವಾ ವಾಸ ಮುಚ್ಚಿದ ಜಾಗದಲ್ಲಿದ್ದು ಹತ್ತಿರದಲ್ಲಿ ಎಂಜಿನ್ ಓಡುತ್ತದೆ ಎಂದಾದರೆ ಇದಕ್ಕೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಸೇರಿಸಿಕೊಳ್ಳಿ.

1. ಹೊಗೆಯೊಳಗೆ ಏನಿದೆ ಎಂದು ತಿಳಿದುಕೊಳ್ಳಿ

ಡೀಸೆಲ್ ಎಂಜಿನ್ನಿನ ಸೈಲೆನ್ಸರ್‌ನಿಂದ ಹೊರಬರುವುದರಲ್ಲಿ ಬಹುಪಾಲು ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಉರಿಯದೆ ಉಳಿದ ಆಮ್ಲಜನಕ. ಮೈಗೆ ಕೆಡುಕು ಮಾಡುವ ಪದಾರ್ಥಗಳದ್ದು ಶೇ 1ರ ಆಸುಪಾಸಿನ ಪಾಲು, ಅಷ್ಟೇ. ಆ ಒಂದು ಪಾಲಿನಲ್ಲೇ ನೂರಾರು ರಾಸಾಯನಿಕಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ನಾಲ್ಕು ಗುಂಪುಗಳ ಪರಿಚಯವಿದ್ದರೆ ಮುಂದಿನ ಹಂತಗಳು ಅರ್ಥವಾಗುತ್ತವೆ.

ಕಾರ್ಬನ್ ಮಾನಾಕ್ಸೈಡ್: ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್ ಎಂಜಿನ್ ಇದನ್ನು ಕಡಿಮೆ ಬಿಡುತ್ತದೆ ಎನ್ನುವುದು ನಿಜ. ಆ ಮಾತನ್ನೇ ನೆಚ್ಚಿಕೊಂಡು ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವವರೂ ಇದ್ದಾರೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ನೈಟ್ರೋಜನ್ ಆಕ್ಸೈಡುಗಳು: ಇವು ಹುಟ್ಟುವುದು ಇಂಧನದಿಂದಲ್ಲ, ಗಾಳಿಯಿಂದ. ಎಂಜಿನ್ನಿನೊಳಗಿನ ವಿಪರೀತ ಶಾಖಕ್ಕೆ ಗಾಳಿಯಲ್ಲಿನ ಸಾರಜನಕವೂ ಆಮ್ಲಜನಕವೂ ಕೂಡಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚು ಕಾಟ ಕೊಡುವುದು ನೈಟ್ರೋಜನ್ ಡೈಆಕ್ಸೈಡ್. ಎಂಜಿನ್ ತಯಾರಕರಿಗೆ ಇದು ಹಳೆಯ ತಲೆನೋವು: ಹೆಚ್ಚು ಬಿಸಿಯಾಗಿ ಉರಿಸಿದರೆ ಮಸಿ ಇಳಿಯುತ್ತದೆ, ಈ ಅನಿಲ ಏರುತ್ತದೆ. ತಂಪಾಗಿ ಉರಿಸಿದರೆ ಅನಿಲ ಇಳಿದು ಮಸಿ ಏರುತ್ತದೆ. ಕಪ್ಪು ಹೊಗೆ ಕಾಣದ ಗಾಡಿ ಕೂಡ ಏನನ್ನೋ ಉಗುಳುತ್ತಿರಬಹುದು ಎನ್ನುವುದಕ್ಕೆ ಮೊದಲ ಕಾರಣ ಇದೇ.

ಕಣ್ಣು ಉರಿಸುವ ಆವಿಗಳು: ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲೀನ್. ಡೀಸೆಲ್ ಹೊಗೆಯ ಆ ಕಟು ವಾಸನೆಯಲ್ಲಿ ಇವುಗಳ ಪಾಲು ದೊಡ್ಡದು. ಇವುಗಳೊಂದಿಗೆ ಬೆಂಜೀನ್ ಮತ್ತು ಬ್ಯುಟಾಡೀನ್ ಕೂಡ ಅಲ್ಪ ಪ್ರಮಾಣದಲ್ಲಿರುತ್ತವೆ. ಫಾರ್ಮಾಲ್ಡಿಹೈಡ್, ಬೆಂಜೀನ್, ಬ್ಯುಟಾಡೀನ್ ಮೂರೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಯಲ್ಲಿವೆ.

ಮಸಿ: ಇದರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲೇ. ಮಸಿ ಎಂದರೆ ಗೋಡೆಗೆ ಮೆತ್ತಿಕೊಳ್ಳುವ ಕಪ್ಪು ಪುಡಿ ಎಂದಷ್ಟೇ ನಮ್ಮ ಕಲ್ಪನೆ. ಹುಟ್ಟುವಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಮಣಿಗಳು ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುವ ಕಣ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಡೀಸೆಲ್ ಕಣಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಗೊಂಚಲಿನ ಸಂದುಗೊಂದುಗಳಿಂದಾಗಿ ತೂಕಕ್ಕೆ ಹೋಲಿಸಿದರೆ ಇದರ ಮೇಲ್ಮೈ ಬಹಳ ದೊಡ್ಡದು. ಅರೆಬೆಂದ ಇಂಧನ ಮತ್ತು ಎಂಜಿನ್ ಆಯಿಲ್‌ನ ಆವಿ ತಣಿಯುತ್ತಾ ಬಂದು ಆ ಮೇಲ್ಮೈಗೆ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಳ್ಳುವವುಗಳಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಮುಖ್ಯ. ಹೆಸರು ಉದ್ದವಾದರೂ ಅರ್ಥ ಸರಳ: ಇಂಗಾಲದ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣುಗಳು. ಬೆಂಜೋಪೈರೀನ್ ಇವುಗಳಲ್ಲಿ ಕುಖ್ಯಾತ, ತಂಬಾಕಿನ ಹೊಗೆಯಲ್ಲೂ ಇರುವುದು ಇದೇ. ನೈಟ್ರೋಜನ್ ಸೇರಿದ ಇವುಗಳ ದಾಯಾದಿಗಳು ಡೀಸೆಲ್ ಹೊಗೆಯಲ್ಲಿ ಎದ್ದು ಕಾಣುತ್ತವೆ. ಹೀಗಾಗಿ ಮಸಿಯ ಕಣವೊಂದು ಬರಿಯ ಇಂಗಾಲವಲ್ಲ, ವಿಷ ತುಂಬಿದ ಜೋಳಿಗೆ.

ಐದನೆಯದಾಗಿ ಗಂಧಕವನ್ನು ಹೆಸರಿಸುವುದು ವಾಡಿಕೆ. ಡೀಸೆಲ್‌ನಲ್ಲಿನ ಗಂಧಕವನ್ನು ದಶಲಕ್ಷಕ್ಕೆ 10ರಿಂದ 15 ಭಾಗಕ್ಕೆ ಇಳಿಸಿರುವ ಕಡೆ ಇದರ ಕಾಟ ಬಹಳ ಮಟ್ಟಿಗೆ ತಗ್ಗಿದೆ. ಕಲಬೆರಕೆ ಇಂಧನದಲ್ಲಿ ಅದು ಮರಳಿ ಬರುತ್ತದೆ.

ಎಚ್ಚರಿಕೆ: ಕಣ್ಣುರಿಯನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಫಾರ್ಮಾಲ್ಡಿಹೈಡ್‌ನಂಥವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಕಣ್ಣು, ಮೂಗು, ಗಂಟಲಿನ ತೇವದಲ್ಲೇ ಕರಗಿ ಅಲ್ಲೇ ಉರಿ ಎಬ್ಬಿಸುತ್ತವೆ. ನೈಟ್ರೋಜನ್ ಡೈಆಕ್ಸೈಡ್ ಅಷ್ಟಾಗಿ ಕರಗುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತದೆ. ಸಣ್ಣ ಕಣಗಳದ್ದೂ ಅದೇ ದಾರಿ.

2. ಮೈಗೆ ಏನಾಗುತ್ತದೆ, ಎಷ್ಟು ಕಾಲದಲ್ಲಿ

ಕೆಲವು ಪರಿಣಾಮಗಳು ನಿಮಿಷಗಳಲ್ಲಿ ಕಾಣುತ್ತವೆ: ಕಣ್ಣುರಿ, ಕೆಮ್ಮು, ತಲೆನೋವು, ಹೊಟ್ಟೆ ತೊಳಸುವಿಕೆ. ಹೊಗೆಯಿಂದ ಹೊರಬಂದರೆ ಸಾಮಾನ್ಯವಾಗಿ ಇಳಿದುಹೋಗುತ್ತವೆ. ಅಸ್ತಮಾ ಇರುವವರಿಗೆ ಅಷ್ಟು ಸುಲಭವಲ್ಲ, ಅವರ ಶ್ವಾಸನಾಳ ಬಿಗಿದು ಉಬ್ಬಸ ಕೆರಳುತ್ತದೆ.

ಹೃದಯದ ಮೇಲಿನ ಪರಿಣಾಮವನ್ನು ಹಲವರು ಊಹಿಸಿಯೇ ಇರುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಿಂದೊಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಪುರುಷರು ನಡುನಡುವೆ ವ್ಯಾಯಾಮ ಮಾಡುತ್ತಾ ಒಂದು ಗಂಟೆ ತೆಳುವಾದ ಡೀಸೆಲ್ ಹೊಗೆಯನ್ನು ಉಸಿರಾಡಿದರು. ಶುದ್ಧ ಗಾಳಿಯಲ್ಲಿ ಮಾಡಿದ ವ್ಯಾಯಾಮಕ್ಕೆ ಹೋಲಿಸಿದರೆ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೋಗುವ ಲಕ್ಷಣ ಅವರ ಇಸಿಜಿಯಲ್ಲಿ ಹೆಚ್ಚಾಗಿ ಕಂಡಿತು. ಹೃದ್ರೋಗವಿರುವವರು ವಾಹನ ದಟ್ಟವಾಗಿರುವ ರಸ್ತೆಯ ಅಂಚಿನಲ್ಲಿ ಬೆಳಗಿನ ಓಟ ಇಟ್ಟುಕೊಳ್ಳಬಾರದು ಎನ್ನುವುದು ಈ ಕಾರಣಕ್ಕೆ.

ಇನ್ನು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಡೀಸೆಲ್ ಹೊಗೆಯನ್ನು "ಬಹುಶಃ ಕ್ಯಾನ್ಸರ್‌ಕಾರಕ" ಎಂದು ಗುರುತಿಸಿತ್ತು. 2012ರ ಜೂನ್‌ನಲ್ಲಿ ಅದನ್ನು ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಸಾಲಿಗೆ ಸೇರಿಸಿತು. ಶ್ವಾಸಕೋಶದ ಕ್ಯಾನ್ಸರಿಗೆ ಸಾಕಷ್ಟು ಸಾಕ್ಷ್ಯವಿದೆ, ಮೂತ್ರಕೋಶದ ಕ್ಯಾನ್ಸರಿಗೆ ಸೀಮಿತ ಸಾಕ್ಷ್ಯವಿದೆ ಎಂಬುದು ಅದರ ತೀರ್ಮಾನ. ಅದಕ್ಕೆ ಆಧಾರವಾದವುಗಳಲ್ಲಿ ಅಮೆರಿಕದ 12,315 ಗಣಿ ಕೆಲಸಗಾರರ ಅಧ್ಯಯನ ಮುಖ್ಯವಾದುದು.

ಇಲ್ಲಿ ಎರಡು ಬಗೆಯಲ್ಲಿ ಎಡವುತ್ತಾರೆ. ಒಂದನೇ ಗುಂಪು ಎಂದರೆ ಸಾಕ್ಷ್ಯ ಗಟ್ಟಿ ಎಂದರ್ಥ, ವಿಷ ಎಲ್ಲಕ್ಕಿಂತ ತೀವ್ರ ಎಂದಲ್ಲ. ಒಂದು ದಿನ ಬಸ್ಸಿನ ಹಿಂದೆ ಸಿಕ್ಕಿಕೊಂಡವರು ಗಾಬರಿಯಾಗಬೇಕಿಲ್ಲ. ಇನ್ನೊಂದು ಕಡೆ, "ಇಪ್ಪತ್ತು ವರ್ಷದಿಂದ ಇದೇ ಹೊಗೆಯಲ್ಲಿದ್ದೇನೆ, ಏನೂ ಆಗಿಲ್ಲ" ಎನ್ನುವವರ ಮಾತಿಗೂ ಬೆಲೆ ಕೊಡಬೇಡಿ. ಈ ಕಾಯಿಲೆ ತಲೆ ಎತ್ತುವುದೇ ದಶಕಗಳ ನಂತರ.

3. ಒಂದು ವಾರ ಬರೆದಿಡಿ

ಅಪಾಯ ನಿಂತಿರುವುದು ಮೂರರ ಮೇಲೆ: ಎಷ್ಟು ಹೊತ್ತು, ಎಷ್ಟು ಹತ್ತಿರ, ಜಾಗ ಎಷ್ಟು ಮುಚ್ಚಿದೆ. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ ಬಿಟ್ಟು ಈ ಮೂರನ್ನು ಬರೆಯಿರಿ. ಪಕ್ಕದಲ್ಲಿ ತಲೆನೋವು, ಕೆಮ್ಮು, ಕಣ್ಣುರಿ ಶುರುವಾದ ಗಂಟೆ ಬರೆಯಿರಿ. ರಜೆಯ ದಿನದ ಪುಟವನ್ನು ಬಿಡಬೇಡಿ, ಹೆಚ್ಚು ಮಾತಾಡುವುದು ಅದೇ. ಕೆಲಸದ ದಿನ ಮಧ್ಯಾಹ್ನಕ್ಕೆ ಸರಿಯಾಗಿ ಬರುವ ತಲೆನೋವು ರಜೆಯ ದಿನ ಬಾರದಿದ್ದರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮೂಗನ್ನು ನಂಬಿ ಬರೆಯಬೇಡಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರು ಮುಖ ಕಿವುಚಿದರೆ ಅದನ್ನು ಬರೆದುಕೊಳ್ಳಿ.

ಬಿಳಿ ಬಟ್ಟೆಗೆ ಈಗ ಕೆಲಸ. ಎಂಜಿನ್ ನಿಂತು, ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಅದರ ಬಾಯಿಯ ಒಳ ಅಂಚನ್ನು ಒಮ್ಮೆ ಒರೆಸಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಎಂಜಿನ್ನಿನದಾದರೆ ಒಣಗಿದ ಕಾಡಿಗೆಯಂಥ ಮಸಿ ಹತ್ತುತ್ತದೆ, ಅದು ನಿರೀಕ್ಷಿತವೇ. ಮಸಿ ಜಿಡ್ಡಾಗಿದ್ದು ಬಟ್ಟೆಯ ಎಳೆಗಳಲ್ಲಿ ಎಣ್ಣೆಯ ಕಲೆ ಹರಡಿದರೆ ಎಂಜಿನ್ ಆಯಿಲ್ ಉರಿಯುತ್ತಿರಬಹುದು. ಮಸಿ ಶೋಧಕ, ಅಂದರೆ ಕಣಗಳನ್ನು ಹಿಡಿದಿಡುವ ಫಿಲ್ಟರ್ ಇರುವ ಗಾಡಿಯಲ್ಲಿ ಬಟ್ಟೆ ಬಹುಮಟ್ಟಿಗೆ ಬಿಳಿಯಾಗಿಯೇ ಉಳಿಯಬೇಕು. ಅಂಥ ಗಾಡಿಯ ಸೈಲೆನ್ಸರ್ ಒರೆಸಿದಾಗ ಬಟ್ಟೆ ಕಪ್ಪಾಯಿತೇ? ಶೋಧಕ ಬಿರುಕು ಬಿಟ್ಟಿರಬಹುದು ಅಥವಾ ಯಾರೋ ತೆಗೆದುಹಾಕಿರಬಹುದು. ಹಳೆಯ ಗಾಡಿ ಕೊಳ್ಳುವಾಗ ಈ ಒಂದು ಒರೆಸುವಿಕೆ ಮಾರುವವರ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ.

4. ಎಂಜಿನ್ನನ್ನು ಸರಿಪಡಿಸಿ

ಹೊಗೆಯ ಬಣ್ಣ ರೋಗ ಹೇಳುತ್ತದೆ. ಕಪ್ಪಾದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಮಿತಿ ಮೀರಿ ಸರಕು ಹೇರಿರಬಹುದು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ತುಸು ಬಿಳಿ ಹೊಗೆ ಬಂದು ನಿಂತರೆ ತೊಂದರೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಏರ್ ಫಿಲ್ಟರ್‌ನಿಂದಲೇ ಶುರುಮಾಡಿ, ಎಲ್ಲಕ್ಕಿಂತ ಅಗ್ಗದ ರಿಪೇರಿ ಅದು.

ಹೊಸ ಗಾಡಿಗಳಲ್ಲಿ ಎರಡು ಸಾಧನಗಳನ್ನು ಗಮನಿಸಿ. ಮೊದಲನೆಯದು ಆಗ ಹೇಳಿದ ಮಸಿ ಶೋಧಕ. ಅದು ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಬರೀ ಐದು ನಿಮಿಷದ ಓಡಾಟಕ್ಕೆ ಗಾಡಿ ಬಳಸಿದರೆ ಅಷ್ಟು ಶಾಖ ಏರುವುದೇ ಇಲ್ಲ, ಶೋಧಕ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಹತ್ತಿದರೆ ಗಾಡಿಯ ಕೈಪಿಡಿ ಹೇಳುವಂತೆ ತೆರೆದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ. ಒಣಹುಲ್ಲಿನ ಮೇಲಾಗಲಿ ಶೆಡ್ಡಿನೊಳಗಾಗಲಿ ಈ ಸುಡುವಿಕೆ ನಡೆಯಕೂಡದು. ಎರಡನೆಯದು ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನು ಮತ್ತೆ ಸಾರಜನಕ ಮತ್ತು ನೀರನ್ನಾಗಿ ಮಾಡುವ ವ್ಯವಸ್ಥೆ. ಸರಿಸುಮಾರು 200 ಡಿಗ್ರಿ ದಾಟಿದ ಮೇಲಷ್ಟೇ ಅದು ನೆಟ್ಟಗೆ ಕೆಲಸ ಮಾಡುತ್ತದೆ. ಗಾಡಿಯನ್ನು ನಿಲ್ಲಿಸಿ ಎಂಜಿನ್ ಮಾತ್ರ ಓಡಿಸುತ್ತಾ ಕೂತರೆ ಹೊಗೆ ತಣ್ಣಗಿರುತ್ತದೆ, ದುಡ್ಡು ಕೊಟ್ಟು ಕೊಂಡ ಈ ಸಾಧನ ಸುಮ್ಮನೆ ಜೋತಾಡುತ್ತಿರುತ್ತದೆ.

ಶೋಧಕ ತೆಗೆದರೆ ಮೈಲೇಜ್ ಬರುತ್ತದೆ, ಯೂರಿಯಾ ತುಂಬದೆಯೇ ಓಡುವಂತೆ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅವರ ಬಳಿ ಹೋಗಬೇಡಿ. ಹಾಗೆ ಉಳಿಸಿದ ದುಡ್ಡಿನ ಬಡ್ಡಿಯನ್ನು ಗಾಡಿಯ ಹಿಂದೆ ನಿಲ್ಲುವವರ ಶ್ವಾಸಕೋಶ ಕಟ್ಟುತ್ತದೆ.

ಹೊಗೆ ತಪಾಸಣೆಯಲ್ಲಿ ಪಾಸಾಗಿದೆ ಎಂಬ ಚೀಟಿಯನ್ನೂ ಅತಿಯಾಗಿ ನಂಬಬೇಡಿ. ಸಾಮಾನ್ಯ ತಪಾಸಣೆ ನೋಡುವುದು ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ನೈಟ್ರೋಜನ್ ಆಕ್ಸೈಡುಗಳು ಆ ಬಲೆಗೆ ಬೀಳುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಗೂ ಮಣ್ಣೆರಚಬಹುದು ಎಂಬುದು 2015ರಲ್ಲಿ ಜಗಜ್ಜಾಹೀರಾಯಿತು: ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಓಡುವ ಸಾಫ್ಟ್‌ವೇರ್ ಅನ್ನು ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಳವಡಿಸಿತ್ತು.

5. ಜಾಗವನ್ನು ಸರಿಪಡಿಸಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತ ಇದು, ಜನ ಹೆಚ್ಚು ಅಸಡ್ಡೆ ಮಾಡುವುದೂ ಇದನ್ನೇ.

ಗ್ಯಾರೇಜಿನಲ್ಲಾದರೆ ಸೈಲೆನ್ಸರ್ ಬಾಯಿಗೆ ಶಾಖ ತಡೆಯುವ ಕೊಳವೆ ಸಿಕ್ಕಿಸಿ ಹೊಗೆಯನ್ನು ನೇರವಾಗಿ ಕಟ್ಟಡದ ಹೊರಗೆ ಬಿಡಿ. ಹೊಗೆ ಕೋಣೆಯಲ್ಲಿ ಹರಡಿದ ಮೇಲೆ ಹೊರದೂಡುವುದು ಕಷ್ಟ, ಹುಟ್ಟಿದಲ್ಲೇ ಹಿಡಿಯುವುದು ಸುಲಭ. ಟೇಬಲ್ ಫ್ಯಾನ್ ಹಾಕಿಕೊಂಡು "ಗಾಳಿ ಆಡುತ್ತಿದೆ" ಎಂದುಕೊಳ್ಳುವುದು ಶುದ್ಧ ಭ್ರಮೆ. ಅದು ಅದೇ ಹೊಗೆಯನ್ನು ಕಲಕುತ್ತಿರುತ್ತದೆ, ಅಷ್ಟೇ. ಒಂದು ಕಡೆಯಿಂದ ಹೊರಗಿನ ಗಾಳಿ ಒಳಬಂದು ಇನ್ನೊಂದು ಕಡೆಯಿಂದ ಹೊರಹೋದರೆ ಮಾತ್ರ ಅದು ಗಾಳಿಯಾಟ. ದಿನದ ಕೊನೆಗೆ ಮೈಮೇಲಿನ ಮಸಿಯನ್ನು ಕಂಪ್ರೆಸರ್ ಗಾಳಿಯಿಂದ ಊದಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕೂತಿದ್ದ ಕಣಗಳನ್ನು ಎಬ್ಬಿಸಿ ನಿಮ್ಮ ಮೂಗಿಗೇ ಕಳುಹಿಸುತ್ತಿದ್ದೀರಿ. ಒದ್ದೆ ಬಟ್ಟೆಯಿಂದ ಒರೆಸಿ, ಕೆಲಸದ ಉಡುಪನ್ನು ಅಲ್ಲೇ ಬದಲಿಸಿ ಮನೆಗೆ ಹೋಗಿ.

ಜನರೇಟರ್ ಹೊರಗಿರಬೇಕು, ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ, ಸೈಲೆನ್ಸರ್ ಬಾಯಿ ಕಟ್ಟಡದಿಂದ ಆಚೆಗೆ ಮುಖ ಮಾಡಿರಬೇಕು. ಮೆಟ್ಟಿಲ ಕೆಳಗೆ, ನೆಲಮಾಳಿಗೆಯಲ್ಲಿ, ಅರ್ಧ ಮುಚ್ಚಿದ ಬಾಲ್ಕನಿಯಲ್ಲಿ ಇಟ್ಟು ಕಿಟಕಿ ತೆರೆದಿದ್ದೇವೆ ಎಂದರೆ ಆಗುವುದಿಲ್ಲ. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಆದರೆ ಒಂದು ನೆನಪಿರಲಿ: ಆ ಅಲಾರಂಗೆ ಮಸಿಯೂ ಗೊತ್ತಾಗುವುದಿಲ್ಲ, ನೈಟ್ರೋಜನ್ ಡೈಆಕ್ಸೈಡೂ ಗೊತ್ತಾಗುವುದಿಲ್ಲ. ಅದು ಕೂಗಲಿಲ್ಲ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆ ಎಂದಲ್ಲ.

ರಸ್ತೆಯಲ್ಲಿ ದೂರವೇ ಮದ್ದು. ದಟ್ಟ ರಸ್ತೆಯ ಅಂಚಿನಲ್ಲಿ ಗಿಜಿಗುಡುವ ಅತಿಸೂಕ್ಷ್ಮ ಕಣಗಳು ಕೆಲವು ನೂರು ಮೀಟರ್ ಒಳಗೆ ಹೋಗುವಷ್ಟರಲ್ಲಿ ಬಹಳ ಇಳಿದಿರುತ್ತವೆ. ನಡೆಯಲು, ಸೈಕಲ್ ತುಳಿಯಲು ಒಳರಸ್ತೆ ಹಿಡಿಯಿರಿ. ಕಾರಿನಲ್ಲಿದ್ದು ಮುಂದಿನ ಲಾರಿ ಹೊಗೆ ಕಾರುತ್ತಿದ್ದರೆ ಹೊರಗಿನ ಗಾಳಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ. ದಟ್ಟಣೆ ದಾಟಿದ ಮೇಲೆ ಅದನ್ನು ತೆಗೆಯಲು ಮರೆಯಬೇಡಿ. ನಾಲ್ಕು ಜನರ ಉಸಿರು ಮುಚ್ಚಿದ ಕಾರಿನಲ್ಲಿ ತುಂಬಿಕೊಂಡರೆ ಚಾಲಕರಿಗೆ ತೂಕಡಿಕೆ ಬರುತ್ತದೆ.

6. ಮಾಸ್ಕ್ ಕೊನೆಗೆ

ಮೇಲಿನದೆಲ್ಲ ಮಾಡಿಯೂ ಹೊಗೆ ಉಳಿದರೆ ಮಾತ್ರ ಮಾಸ್ಕ್. ಕರವಸ್ತ್ರದ ನೇಯ್ಗೆಯ ಕಿಂಡಿಗಳ ಮುಂದೆ ಡೀಸೆಲ್ ಕಣ ಹೆಬ್ಬಾಗಿಲಿನ ಮುಂದಿನ ಸಾಸಿವೆ. ಎನ್95 ಮಾಸ್ಕ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುತ್ತದೆ. ಅದೂ ಮುಖಕ್ಕೆ ಬಿಗಿಯಾಗಿ ಕೂತರೆ. ಗಡ್ಡವಿದ್ದರೆ ಅಂಚಿನಿಂದ ಸೋರುತ್ತದೆ. ಅನಿಲಗಳನ್ನು ಅದು ತಡೆಯುವುದಿಲ್ಲ. ಸಕ್ರಿಯ ಇದ್ದಿಲಿನ ಪದರವಿರುವ ಮಾಸ್ಕ್ ಕೆಲವು ಆವಿಗಳನ್ನು ಹೀರಿಕೊಂಡರೂ ಕಾರ್ಬನ್ ಮಾನಾಕ್ಸೈಡ್ ಅದರ ಕೈಗೂ ಸಿಗುವುದಿಲ್ಲ. ಆದ್ದರಿಂದ ಮಾಸ್ಕ್ ಹಾಕಿದ್ದೇನೆ ಎಂಬ ಧೈರ್ಯದಿಂದ ಹೊಗೆ ತುಂಬಿದ ಮುಚ್ಚಿದ ಕೋಣೆಗೆ ನುಗ್ಗಬೇಡಿ.

7. ತುರ್ತು ಸಂದರ್ಭದಲ್ಲಿ ಮತ್ತು ವೈದ್ಯರ ಬಳಿ

ಒಂದೇ ಜಾಗದಲ್ಲಿರುವ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಶುರುವಾದರೆ ಊಟದ ಮೇಲೆ ಅನುಮಾನಪಡುವ ಮೊದಲು ಎಂಜಿನ್ ಎಲ್ಲಿ ಓಡುತ್ತಿದೆ ನೋಡಿ. ಎಲ್ಲರೂ ಕೂಡಲೇ ಹೊರಗೆ ಬನ್ನಿ, ಆಂಬುಲೆನ್ಸ್ ಕರೆಯಿರಿ. ಒಳಗೆ ಯಾರಾದರೂ ಬಿದ್ದಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು ಗಾಳಿ ಬರಲು ಬಿಡಿ. ಒಬ್ಬರನ್ನು ಎತ್ತಲು ಹೋಗಿ ಇಬ್ಬರು ಬೀಳುವುದು ಇಂಥ ಕಡೆಯೇ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತು ಎಂದು ಸಮಾಧಾನಪಡಬೇಡಿ. ಸಾಮಾನ್ಯ ಆಕ್ಸಿಮೀಟರ್‌ಗೆ ಹಿಮೋಗ್ಲೋಬಿನ್ ಹೊತ್ತಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂಬ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಂದೇ ಎಂದು ಓದುತ್ತದೆ. ಆಸ್ಪತ್ರೆಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂಬ ರಕ್ತ ಪರೀಕ್ಷೆ ಬೇಕು. "ಮುಚ್ಚಿದ ಜಾಗದಲ್ಲಿ ಎಂಜಿನ್ ಓಡುತ್ತಿತ್ತು" ಎಂದು ಬಾಯಿಬಿಟ್ಟು ಹೇಳದಿದ್ದರೆ ಆ ಪರೀಕ್ಷೆ ಮಾಡಬೇಕೆಂದು ಯಾರಿಗೂ ಹೊಳೆಯದಿರಬಹುದು. ದಟ್ಟ ಹೊಗೆ ಕುಡಿದವರು ಆ ಕ್ಷಣಕ್ಕೆ ಚೆನ್ನಾಗಿದ್ದರೂ ಒಂದೆರಡು ದಿನ ಗಮನವಿರಲಿ. ನೈಟ್ರೋಜನ್ ಡೈಆಕ್ಸೈಡ್ ಹೆಚ್ಚು ಸೇರಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ಗಂಟೆಗಳ ನಂತರ.

ವರ್ಷಗಳಿಂದ ಹೊಗೆಯಲ್ಲಿ ಕೆಲಸ ಮಾಡುತ್ತಿರುವವರು ವೈದ್ಯರಿಗೆ ಬರೀ "ಕೆಮ್ಮು" ಎನ್ನಬೇಡಿ. ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ, ತೆರೆದ ಜಾಗವೋ ಮುಚ್ಚಿದ್ದೋ, ಬೀಡಿ ಸಿಗರೇಟು ಇದೆಯೋ ಎಲ್ಲವನ್ನೂ ಹೇಳಿ. ಊದಿ ತೋರಿಸುವ ಶ್ವಾಸಕೋಶದ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಬೇಕೇ ಎಂದು ಕೇಳಿ. ಮೂರನೇ ಹಂತದಲ್ಲಿ ಬರೆದ ನೋಟ್‌ಬುಕ್ಕನ್ನೂ ಜೊತೆಗೆ ಒಯ್ದು ರಜೆಯ ದಿನದ ಪುಟವನ್ನು ತೆರೆದು ತೋರಿಸಿ.